ಕತ್ತೆಯವರು

ಕತ್ತೆ ಎಂಬ ನಾಮಪದಕ್ಕೆ ‘ಅವರು’ ಎಂದು ಸೇರಿಸಿದರೆ ಅದು ಬೈಗುಳವಾಗಿಯೇ ಉಳಿಯುತ್ತದೆಯೋ ಇಲ್ಲ ಮರ್ಯಾದೆಯಾಗಿಬಿಡುತ್ತದೆಯೋ ಎಂಬ ಪ್ರಶ್ನೆಯ ಮೇಲೆ ನಮ್ಮ ಪೊಲೀಸ್ ಠಾಣೆ ಹನ್ನೊಂದು ದಿನ ನಿಂತಿತ್ತು. ಆ ಹನ್ನೊಂದು ದಿನಗಳಲ್ಲಿ ಎರಡು ಸೈಕಲ್ಲು ಕಳುವಾದವು, ಒಂದು ಔಷಧಿ ಅಂಗಡಿಯ ಗಾಜು ಒಡೆಯಿತು, ಒಬ್ಬ ಅಳಿಯ ಮಾವನ ಮನೆಯ ಗೇಟನ್ನು ಕಿತ್ತುಕೊಂಡು ಹೋದ. ಅವನ್ನೆಲ್ಲ ಆಮೇಲೆ ನೋಡೋಣವೆಂದು ಬದಿಗಿಟ್ಟರು. ವ್ಯಾಕರಣ ಇತ್ಯರ್ಥವಾಗದೆ ಕಳ್ಳನನ್ನು ಹಿಡಿದು ತಂದರೆ ಅವನನ್ನು ಏನೆಂದು ಕರೆಯುವುದು?

ಪ್ರಶ್ನೆ ಹುಟ್ಟಿದ್ದು ಠಾಣೆಯ ದಫೇದಾರರ ಬಾಯಿಂದ. ಅವರು ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಲಾಠಿ ಎತ್ತಿದ್ದು ಬೆರಳೆಣಿಕೆಯಷ್ಟು ಸಲ. ಬಾಯಿ ಇರುವಾಗ ಕೈ ಯಾಕೆ ನೋಯಿಸಿಕೊಳ್ಳಬೇಕು ಎಂಬುದು ಅವರ ಸಿದ್ಧಾಂತ. ಬೈಯುವಾಗ ನಡುವೆ ಉಸಿರು ಎಳೆದುಕೊಳ್ಳುತ್ತಿರಲಿಲ್ಲ. ಎದುರಿಗಿದ್ದವನ ಹುಟ್ಟಿನಿಂದ ಆರಂಭಿಸಿ, ವಂಶಾವಳಿಯನ್ನು ಮೂರು ತಲೆಮಾರು ಏರಿ, ಇಳಿಯುವಾಗ ದಾರಿಯಲ್ಲಿ ಸಿಕ್ಕ ಪ್ರಾಣಿಗಳನ್ನೆಲ್ಲ ಜೊತೆಗೆ ಕರೆದುಕೊಂಡು ಬರುತ್ತಿದ್ದರು. ಹೆಲ್ಮೆಟ್ ಹಾಕದೆ ಸಿಕ್ಕಿಬಿದ್ದ ಒಬ್ಬ ಲೆಕ್ಚರರು ಅವರ ಮುಂದೆ ಐದು ನಿಮಿಷ ನಿಂತು, ಲೈಸೆನ್ಸ್ ಎಲ್ಲಿಟ್ಟೆನೆಂಬುದನ್ನಷ್ಟೇ ಅಲ್ಲ, ತಮ್ಮ ಸ್ವಂತ ಹೆಸರನ್ನೂ ಮರೆತಿದ್ದರು.

ದಫೇದಾರರಿಗೆ ಇನ್ನೊಂದು ಪ್ರತಿಭೆಯಿತ್ತು: ಹೆಸರಿಡುವುದು. ಠಾಣೆಯ ರೌಡಿ ಪಟ್ಟಿಯಲ್ಲಿ ‘ಅಲಿಯಾಸ್’ ಎಂದು ಬರೆದು ಮುಂದೊಂದು ಅಡ್ಡಹೆಸರು ಬರೆಯುವ ಪದ್ಧತಿಯಿದೆಯಲ್ಲ, ಆ ಅಡ್ಡಹೆಸರುಗಳಲ್ಲಿ ಮುಕ್ಕಾಲು ಪಾಲು ಅವರ ಸೃಷ್ಟಿ. ಠಾಣೆಯೆದುರಿನ ಚಹಾದಂಗಡಿಯವನನ್ನೇ ನೋಡಿ. ಅವನು ಕಟ್ಟುಮಸ್ತಾದ ವಯಸ್ಸಿನಲ್ಲಿ ಯಾರದೋ ಬಾವಿಕಟ್ಟೆಯಿಂದ ಏನನ್ನೋ ಎತ್ತಿಕೊಂಡು ಸಿಕ್ಕಿಬಿದ್ದ. ಆಗಿನ್ನೂ ಕಾನ್‌ಸ್ಟೇಬಲ್ ಆಗಿದ್ದ ದಫೇದಾರರು ‘ಅಲಿಯಾಸ್ ಬಕೆಟ್’ ಎಂದು ಬರೆದರು. ಕೇಸು ಮುಗಿದು ಕಾಲು ಶತಮಾನವಾಯಿತು. ಅವನ ಮಗಳ ಗಂಡನೂ ಅವನನ್ನು ಬಕೆಟ್ ಮಾವ ಎನ್ನುತ್ತಾನೆ.

ಇಂಥ ದಫೇದಾರರಿಗೆ ಈಗ ಬಡ್ತಿಯ ಕಾಲ. ಬಡ್ತಿ ಬಂದರೆ ಹೆಗಲಿಗೊಂದು ನಕ್ಷತ್ರ. ನಿವೃತ್ತಿಗೆ ಎರಡೇ ವರ್ಷವಿದ್ದುದರಿಂದ ಈ ಸಲದ ಪಟ್ಟಿ ತಪ್ಪಿದರೆ ಇನ್ನೊಂದು ಪಟ್ಟಿ ಕಾಣುವ ಯೋಗವಿರಲಿಲ್ಲ. ನಕ್ಷತ್ರ ಅವರಿಗೆಷ್ಟು ಬೇಕಿತ್ತೋ ಅದಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಬೇಕಿತ್ತು. ಹೆಂಡತಿಯ ತಂಗಿಯ ಗಂಡ, ಎಂದರೆ ಅವರ ಷಡ್ಡಕ, ಅಗ್ನಿಶಾಮಕ ದಳದಲ್ಲಿದ್ದು ಎರಡು ನಕ್ಷತ್ರ ಹಚ್ಚಿಕೊಂಡು ಬೀಗುತ್ತಿದ್ದ. ಅವನಿರುವ ಊರಿನಲ್ಲಿ ಬೆಂಕಿ ಬೀಳುವುದೇ ಇಲ್ಲ, ಆದರೂ ಎರಡು ನಕ್ಷತ್ರ ಎಂದು ದಫೇದಾರರ ಹೆಂಡತಿ ಅನ್ನ ಬಡಿಸುವಾಗೆಲ್ಲ ನೆನಪಿಸುತ್ತಿದ್ದರು. ಅಡ್ಡಿಯಾಗಿದ್ದುದು ಒಂದೇ. ಬಾಯಿಯ ಕಾರಣಕ್ಕೆ ದಫೇದಾರರ ಮೇಲೆ ಮೂರು ದೂರುಗಳು ಆಗಲೇ ಸಾಬೀತಾಗಿದ್ದವು. ನಾಲ್ಕನೆಯದೂ ಸಾಬೀತಾದರೆ ಬಡ್ತಿಯಿಲ್ಲ ಎಂಬುದು ನಿಯಮ.

ಆ ಹೊತ್ತಿಗೆ ಸರಿಯಾಗಿ ಹೊಸ ಮೇಲಧಿಕಾರಿ ಬಂದರು. ಎಲ್ಲರೂ ಅವರನ್ನು ಮೇಡಂ ಎಂದಷ್ಟೇ ಕರೆಯುತ್ತಿದ್ದರು. ಅವರು ಯಾರನ್ನೂ ಗದರುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಭಯವಿತ್ತು. ಬಂದ ವಾರದಲ್ಲೇ ಎರಡು ಅಂಶಗಳ ಆದೇಶ ಹೊರಟಿತು. ಒಂದು, ಸಾರ್ವಜನಿಕರನ್ನು ಬಹುವಚನದಲ್ಲೇ ಮಾತಾಡಿಸತಕ್ಕದ್ದು. ಎರಡು, ನಿಷಿದ್ಧ ಪದಗಳನ್ನು ಬಳಸಕೂಡದು; ಅವುಗಳ ಪಟ್ಟಿಯನ್ನು ಠಾಣೆಯವರೇ ತಯಾರಿಸಿ ಗೋಡೆಗೆ ಅಂಟಿಸತಕ್ಕದ್ದು.

ಪಟ್ಟಿ ಮಾಡುವ ಕೆಲಸ ಕಾಗದಪತ್ರ ನೋಡಿಕೊಳ್ಳುವ ಸ್ಟೇಷನ್ ರೈಟರಮ್ಮನ ಪಾಲಿಗೆ ಬಂತು. ಸಂಭಾವಿತರ ಮನೆಯ ಆಕೆಗೆ ಗೊತ್ತಿದ್ದದ್ದು ಒಂಬತ್ತು ಪದ, ಅದರಲ್ಲಿ ಎರಡರ ಅರ್ಥ ಗೊತ್ತಿರಲಿಲ್ಲ. ಈ ವಿಷಯದಲ್ಲಿ ಠಾಣೆಯಲ್ಲಿದ್ದ ಏಕೈಕ ವಿದ್ವಾಂಸರನ್ನು ಕೇಳುವುದು ಅನಿವಾರ್ಯವಾಯಿತು. ದಫೇದಾರರು ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಮಕ್ಕಳಿಗೆ ಆಸ್ತಿ ಪಾಲು ಮಾಡುವ ಯಜಮಾನನ ಗಾಂಭೀರ್ಯದಿಂದ ಒಂದೊಂದೇ ಪದವನ್ನು ಹೇಳುತ್ತ ಹೋದರು. ಮಧ್ಯಾಹ್ನದ ಊಟಕ್ಕೆ ಎದ್ದಾಗ ಇಪ್ಪತ್ತಾರಾಗಿತ್ತು. ಸಂಜೆಗೆ ನಲವತ್ತಮೂರು. ರೈಟರಮ್ಮ ಅವನ್ನು ಅಕಾರಾದಿಯಾಗಿ ಜೋಡಿಸಿ, ಸೂಕ್ಷ್ಮವಾದ ಅಕ್ಷರಗಳಿರುವ ಕಡೆ ಚುಕ್ಕಿಯಿಟ್ಟು ಕಳಿಸಿದರು. ಮೇಡಂ ಒಪ್ಪಲಿಲ್ಲ. ಚುಕ್ಕಿಯಿಟ್ಟರೆ ಓದುವವರು ತಮಗೆ ಬೇಕಾದ ಅಕ್ಷರ ತುಂಬಿಕೊಳ್ಳುತ್ತಾರೆ, ಕಾನೂನಿನಲ್ಲಿ ಅಂಥ ಸ್ವಾತಂತ್ರ್ಯವಿಲ್ಲ ಎಂದರು.

ಹೀಗಾಗಿ ನಲವತ್ತಮೂರು ಬೈಗುಳಗಳು ದಪ್ಪಕ್ಷರದಲ್ಲಿ, ಒತ್ತಕ್ಷರ ಸಮೇತ, ಸರಕಾರದ ಮೊಹರಿನ ಕೆಳಗೆ ಗೋಡೆಗೇರಿದವು. ಹುಟ್ಟಿದಾರಭ್ಯ ಠಾಣೆಯ ಮೆಟ್ಟಿಲು ಹತ್ತದವರೂ ಏನಾದರೊಂದು ನೆವ ಮಾಡಿಕೊಂಡು ಬಂದು ಓದಿಹೋದರು. ಕಾಲೇಜು ಹುಡುಗರು ತಮಗೆ ಗೊತ್ತಿಲ್ಲದ ಎರಡನ್ನು ಬರೆದುಕೊಂಡರಂತೆ. ಪಟ್ಟಿಯ ಕೆಳಗೆ ಸಂಪಾದಕರ ಹೆಸರಿಲ್ಲವೆಂಬ ಕೊರಗು ದಫೇದಾರರಿಗೆ ಒಳಗೊಳಗೇ ಇತ್ತು.

ಕ ಅಕ್ಷರದಲ್ಲಿ ಆರು ಪದಗಳಿದ್ದವು. ಕತ್ತೆ ಇರಲಿಲ್ಲ. ರೈಟರಮ್ಮ ಅದನ್ನು ಗಮನಿಸಿ ಕೇಳಿದ್ದರು.

“ಕತ್ತೆ ಒಂದು ಬೈಗುಳಾನೇನಮ್ಮಾ?” ಎಂದಿದ್ದರು ದಫೇದಾರರು. “ನಮ್ಮಪ್ಪ ನನ್ನ ಊಟಕ್ಕೆ ಕರೀತಿದ್ದದ್ದೇ ಹಾಗೆ. ನಮ್ಮನೆಯವಳು ಈಗ್ಲೂ ಹಾಗೇ ಕರೀತಾಳೆ.”

ಈ ಕೊನೆಯ ವಾಕ್ಯ ಬೇಕಿರಲಿಲ್ಲ ಎಂದು ಅವರಿಗೆ ಆಮೇಲೆ ಅನ್ನಿಸಿತು.

ಆದೇಶ ಬಂದ ಮೇಲೆ ಎರಡು ವಾರ ದಫೇದಾರರು ಬಾಯಿಕುಕ್ಕೆ ಹಾಕಿದ ಎತ್ತಿನ ಹಾಗೆ ಓಡಾಡಿದರು. ಬೈಯಲಾಗದೆ ಹೊಟ್ಟೆ ಉಬ್ಬರಿಸಿ ವೈದ್ಯರಲ್ಲಿಗೂ ಹೋಗಿಬಂದರಂತೆ. ಮೂರನೆಯ ವಾರ ಟೈಲರ್ ಮಾಸ್ಟರರ ಮೇಜು ಅಡ್ಡ ಬಂತು.

ಮಾಸ್ಟರರ ಅಂಗಡಿ ಠಾಣೆಯ ಎದುರು, ಬಕೆಟ್‌ನ ಚಹಾದಂಗಡಿಯ ಪಕ್ಕ. ಠಾಣೆಯವರ ಸಮವಸ್ತ್ರ ಹೊಲಿಯುವವರು ಅವರೇ ಆದ್ದರಿಂದ ಯಾವ ಸಾಹೇಬರ ಸೊಂಟ ಯಾವ ವರ್ಷ ಎಷ್ಟು ಹಿಗ್ಗಿತೆಂಬ ರಹಸ್ಯ ಅವರೊಬ್ಬರಿಗೇ ಗೊತ್ತು. ಅದನ್ನು ಅವರು ಯಾರಿಗೂ ಹೇಳಿದವರಲ್ಲ. ಮಿತಭಾಷಿ, ಬಾಯಲ್ಲಿ ಯಾವಾಗಲೂ ಗುಂಡುಸೂಜಿ. ಅಂಗಡಿ ಇಕ್ಕಟ್ಟಾದ್ದರಿಂದ ಅವರ ಇಸ್ತ್ರಿ ಮೇಜಿನ ಎರಡು ಕಾಲು ಒಳಗೆ, ಎರಡು ಕಾಲು ಬೀದಿಯಲ್ಲಿ. ಅಂದು ಜೀಪು ತಿರುಗಿಸಲು ಆಗಲಿಲ್ಲವೆಂದು ಡ್ರೈವರ್ ಹಾರ್ನು ಒತ್ತಿದ. ದಫೇದಾರರು ಇಳಿದು ಬಂದರು. ಹದಿನಾರು ದಿನದಿಂದ ತಡೆದಿಟ್ಟದ್ದೆಲ್ಲ ಹೊಟ್ಟೆಯಿಂದ ಗಂಟಲಿಗೆ ಏರಿತು. ಗಂಟಲಿನಲ್ಲಿ ಅವರಿಗೆ ನಕ್ಷತ್ರ ನೆನಪಾಯಿತು. ಗಂಟಲಿಗೂ ನಾಲಗೆಗೂ ನಡುವಿನ ಆ ನಾಲ್ಕು ಬೆರಳಿನ ದಾರಿಯಲ್ಲಿ ಅವರು ವಾಕ್ಯವನ್ನು ಪೂರ್ತಿಯಾಗಿ ಬಹುವಚನಕ್ಕೆ ತಿರುಗಿಸಿಕೊಂಡರು.

“ಸ್ವಾಮಿ ಕತ್ತೆಯವರೇ,” ಎಂದರು, ಬೀದಿಗೆಲ್ಲ ಕೇಳುವಂತೆ, “ತಾವು ದಯಮಾಡಿ ತಮ್ಮ ಮೇಜನ್ನ ಒಳಗೆ ಎಳ್ಕೊಳ್ಳೋ ಕೃಪೆ ಮಾಡ್ತೀರಾ, ಇಲ್ಲಾ ನಾನೇ ಬಂದು ತಮಗೂ ಸೇರಿಸಿ ಇಸ್ತ್ರಿ ಮಾಡ್ಲಾ?”

ಮಾಸ್ಟರರು ತಬ್ಬಿಬ್ಬಾದರು. ಬೈಗುಳವಾಗಿದ್ದರೆ ಮುಖ ಕೆಂಪಾಗಬೇಕು, ಮರ್ಯಾದೆಯಾಗಿದ್ದರೆ ಕೈ ಮುಗಿಯಬೇಕು. ಎರಡೂ ಒಟ್ಟಿಗೆ ಬಂದದ್ದರಿಂದ ಅವರು ಮೊದಲು ಕೈ ಮುಗಿದು, ಮೇಜು ಒಳಗೆಳೆದುಕೊಂಡು, ಆಮೇಲೆ ಕೆಂಪಾದರು. ಅಷ್ಟರಲ್ಲಿ ಜೀಪು ಹೋಗಿತ್ತು. ಚಹಾದಂಗಡಿಯಲ್ಲಿದ್ದ ಏಳೆಂಟು ಮಂದಿ ನಗುತ್ತಿದ್ದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದಫೇದಾರರ ಕೈಗುಣ ಕೆಟ್ಟದ್ದು; ಅವರಿಟ್ಟ ಹೆಸರು ಅಂಟುತ್ತದೆ. ಎರಡನೆಯ ದಿನ ಗಿರಾಕಿಯೊಬ್ಬರು ಪ್ಯಾಂಟು ತೋರಿಸಿ, ಕತ್ತೆಯವರ ಕೈ ಹೊಲಿಗೆ, ಐದು ವರ್ಷ ಬಾಳಿಕೆ ಎಂದು ಯಾರಿಗೋ ಹೊಗಳಿದರು. ಮೂರನೆಯ ದಿನ ಹೊಸದಾಗಿ ಬಂದ ಕಾನ್‌ಸ್ಟೇಬಲ್ ಒಬ್ಬ ಅದು ಮನೆತನದ ಹೆಸರೇ ಇರಬೇಕೆಂದು ತಿಳಿದು, ಚಪ್ಪಲಿ ಹೊರಗೆ ಬಿಟ್ಟು ಬಂದು, ಕತ್ತೆಯವರು ಇದ್ದಾರೆಯೇ ಎಂದು ಅತ್ಯಂತ ವಿನಯದಿಂದ ಮಾಸ್ಟರರನ್ನೇ ಕೇಳಿದ. ವಾರದೊಳಗೆ ಬಟ್ಟೆ ಸಗಟು ಅಂಗಡಿಯವರು ಮನೆಗೇ ಫೋನ್ ಮಾಡಿ, ಕತ್ತೆಯವರ ಮನೆಯವರಾ ಎಂದು ವಿಚಾರಿಸಿದರು. ಅಂದು ಸಂಜೆ ಮಾಸ್ಟರರ ಹೆಂಡತಿ ಗಂಡನನ್ನು ಎದುರಿಗೆ ಕೂರಿಸಿಕೊಂಡರು.

“ಮೂವತ್ತು ವರ್ಷದಿಂದ ನಾನು ಮನಸ್ಸಲ್ಲೇ ಅಂದ್ಕೊಂಡಿದ್ದನ್ನ ಊರು ಬಾಯಿಬಿಟ್ಟು ಅಂತಿದೆ, ಅದಕ್ಕೆ ನಂಗೇನು ಬೇಜಾರಿಲ್ಲ,” ಎಂದರು. “ಆದ್ರೆ ನಾನು ಕತ್ತೆಯವರ ಮನೆಯವಳು ಅಂತ ಆದ್ನಲ್ಲ, ಇದಕ್ಕೇನು ಮಾಡ್ತೀರಿ?”

ಮರುದಿನ ಮಾಸ್ಟರರು ಬಾಯಿಂದ ಗುಂಡುಸೂಜಿ ತೆಗೆದಿಟ್ಟು, ಠಾಣೆಗೆ ಹೋಗಿ ದೂರು ಕೊಟ್ಟರು.

ರೈಟರಮ್ಮ ಪೇಚಿಗೆ ಸಿಕ್ಕಿಕೊಂಡರು. ಪಟ್ಟಿ ನೋಡಿದರೆ ಪದವಿಲ್ಲ. ಆದೇಶ ನೋಡಿದರೆ ಬಹುವಚನ ಅಚ್ಚುಕಟ್ಟಾಗಿ ಪಾಲನೆಯಾಗಿದೆ, ದಯಮಾಡಿ ಎಂಬುದು ಬೇರೆ ಸೇರಿದೆ. ಯಾವ ಅಂಶದ ಕೆಳಗೆ ಬರೆದುಕೊಳ್ಳಲಿ, ಅವರು ‘ಅವರು’ ಅಂತಾನೇ ಅಂದಿದ್ದಾರಲ್ಲ ಎಂದು ಕೇಳಿದರು.

“ಅವರು ಅಂದಿದ್ದಕ್ಕೇ ಬಂದಿದ್ದೀನಿ ತಾಯಿ,” ಎಂದರು ಮಾಸ್ಟರರು. “ಬರೀ ಕತ್ತೆ ಅಂದಿದ್ರೆ ಮನಸ್ಸಲ್ಲೇ ನಿಮ್ಮಪ್ಪ ಅಂದ್ಕೊಂಡು ಸುಮ್ನಾಗ್ತಿದ್ದೆ. ಬರೀ ಕತ್ತೆ ಸಂಜೆಗೆ ಮರ್ತು ಹೋಗುತ್ತೆ. ಈ ಅವರು ಅನ್ನೋದಿದೆ ನೋಡಿ, ಅದು ಕಾಜಾ ಹೊಲಿಗೆ. ಬಿಚ್ಚೋಕೆ ಬರಲ್ಲ.”

ದೂರು ಮೇಡಂ ಹತ್ತಿರ ಹೋಯಿತು. ವಿಚಾರಣೆಗೆ ದಿನ ಗೊತ್ತಾಯಿತು. ದಫೇದಾರರಿಗೆ ಆತಂಕ ಹತ್ತಿದ್ದು ಆಗ. ಇನ್ನೊಂದು ತೊಡಕೂ ಇತ್ತು. ಬಡ್ತಿ ಕೈಗೆ ಬಂದಷ್ಟೇ ಖಚಿತವೆಂದು ನಂಬಿ ಅವರು ಹೆಗಲಿಗೆ ನಕ್ಷತ್ರ ಹಚ್ಚಿದ ಹೊಸ ಅಂಗಿಯೊಂದನ್ನು ಮಾಸ್ಟರರಲ್ಲೇ ಹೊಲಿಯಲು ಕೊಟ್ಟಿದ್ದರು. ಅದು ಸಿದ್ಧವಾಗಿ, ಇಸ್ತ್ರಿಯಾಗಿ, ಅಂಗಡಿಯ ಹ್ಯಾಂಗರಿನಲ್ಲಿ ಠಾಣೆಯ ಕಡೆಗೆ ಮುಖ ಮಾಡಿ ತೂಗುತ್ತಿತ್ತು. ದಫೇದಾರರು ಅದನ್ನು ನೋಡುವ ನೆವದಲ್ಲಿ ರಾಜಿಗೆ ಹೋದರು. ನೀನು ನನಗೆ ತಮ್ಮ ಇದ್ದ ಹಾಗೆ, ನಿನಗೂ ನನಗೂ ಇದೆಲ್ಲ ಯಾಕೆ ಎಂದು ಹೆಗಲ ಮೇಲೆ ಕೈಹಾಕಿದರು.

“ತಾವು ಏಕವಚನದಲ್ಲಿ ಮಾತಾಡ್ತಿದ್ದೀರಿ,” ಎಂದರು ಮಾಸ್ಟರರು, ಅಳತೆಪಟ್ಟಿ ಸುತ್ತುತ್ತ. “ಆದೇಶದ ಮೊದಲನೇ ಅಂಶ.”

ದೂರು ಬಂದ ಹನ್ನೊಂದನೆಯ ದಿನ ಬೆಳಿಗ್ಗೆ ಠಾಣೆಯ ಹಜಾರದಲ್ಲಿ, ಪಟ್ಟಿ ಅಂಟಿಸಿದ ಗೋಡೆಯ ಕೆಳಗೇ ಮೇಜು ಹಾಕಿ ವಿಚಾರಣೆ ನಡೆಯಿತು. ಮೇಡಂ ಒಂದು ಲೋಟ ನೀರು, ಎರಡು ಕಾಗದ, ಒಂದು ಪೆನ್ನು ಇಟ್ಟುಕೊಂಡು ಕೂತರು. ಮಾಸ್ಟರರು ಹೇಳಿದ್ದನ್ನು ಕೇಳಿದರು. ದಫೇದಾರರ ನಕ್ಷತ್ರ ಹೋಗಬಹುದು, ಅದೇ ನಿಮಗೆ ಬೇಕೇ ಎಂದು ಕೇಳಿದರು. ತಮಗೆ ಯಾರ ನಕ್ಷತ್ರವೂ ಬೇಡ, ತಮ್ಮ ಹೆಸರು ವಾಪಸು ಬಂದರೆ ಸಾಕು ಎಂದರು ಮಾಸ್ಟರರು.

ಸಾಕ್ಷಿಗೆಂದು ಬಕೆಟ್‌ನನ್ನು ಕರೆದರು. ಅವನು ಎಲ್ಲರಿಗೂ ಚಹಾ ಕೊಟ್ಟು, ತಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತ. ಅಂದ ಮಾತನ್ನು ಅಂದ ಹಾಗೇ ಒಪ್ಪಿಸಿದ, ಇಸ್ತ್ರಿಯ ಭಾಗವನ್ನೂ ಬಿಡಲಿಲ್ಲ. ಇನ್ನೇನಾದರೂ ಹೇಳುವುದಿದೆಯೇ ಎಂದು ಮೇಡಂ ಕೇಳಿದರು.

“ಹೆಸರು ಅಂಟಿದ್ರೆ ಬಿಡಲ್ಲ ಮೇಡಂ,” ಎಂದ ಅವನು. “ನಾನು ಕದ್ದಿದ್ದು ಬಕೆಟ್ ಅಲ್ಲ, ಚೊಂಬು. ಇಪ್ಪತ್ತೈದು ವರ್ಷದಿಂದ ಹೇಳ್ತಿದ್ದೀನಿ. ಯಾರು ಕೇಳ್ತಾರೆ?”

ದಫೇದಾರರು ತಯಾರಾಗಿ ಬಂದಿದ್ದರು. ತಾವು ಬಹುವಚನವನ್ನು ಬಳಸಿರುವುದನ್ನು ಸಾಕ್ಷಿಯೇ ಒಪ್ಪಿದ್ದಾನೆ ಎಂದರು. ಪಟ್ಟಿಯನ್ನು ಕೋಲಿನಿಂದ ತೋರಿಸಿ, ಕ ಅಕ್ಷರದ ಆರನ್ನೂ ಗಟ್ಟಿಯಾಗಿ ಓದಿ, ಇದರಲ್ಲಿ ಅದಿಲ್ಲ ಎಂದರು. ಆ ಆರನ್ನು ಓದುವಾಗ ಅವರ ಮುಖದಲ್ಲಿ ಎಷ್ಟೋ ದಿನಗಳ ನಂತರ ಒಂದು ನೆಮ್ಮದಿ ಕಂಡಿತು. ಕತ್ತೆಯಷ್ಟು ದುಡಿಯುವ, ಎದುರಾಡದ ಪ್ರಾಣಿ ಇನ್ನೊಂದಿಲ್ಲ, ಅದಕ್ಕೆ ಅವರು ಎಂದು ಸೇರಿಸಿದ ಮೇಲಂತೂ ಅದು ಸನ್ಮಾನಕ್ಕೆ ಸಮ ಎಂದು ಮುಗಿಸಿದರು. ಎಲ್ಲದಕ್ಕೂ ಮೇಡಂ ತಲೆಯಾಡಿಸುತ್ತ ಕೇಳಿದ್ದು ದಫೇದಾರರಿಗೆ ಧೈರ್ಯ ತಂದಿತು.

“ಹಾಗಾದ್ರೆ ಅದು ಬೈಗುಳ ಅಲ್ಲ,” ಎಂದರು ಮೇಡಂ.

“ಖಂಡಿತಾ ಅಲ್ಲ ಮೇಡಂ.”

“ನಿಮ್ಮನ್ನೂ ಮನೇಲಿ ಹಾಗೇ ಕರೀತಾರಂತೆ.”

ರೈಟರಮ್ಮ ಕೀಬೋರ್ಡಿನ ಮೇಲಿಂದ ಕಣ್ಣೆತ್ತಲಿಲ್ಲ.

“ಅದು ಪ್ರೀತಿಗೆ ಮೇಡಂ,” ಎಂದರು ದಫೇದಾರರು.

“ಒಳ್ಳೇದು.” ಮೇಡಂ ಎರಡನೆಯ ಕಾಗದವನ್ನು ರೈಟರಮ್ಮನ ಕಡೆ ಸರಿಸಿದರು. “ಇದು ದಫೇದಾರರ ಬಡ್ತಿ ಅರ್ಜಿ. ಬೇರೆ ಹೆಸರುಗಳಿದ್ದರೆ ಅನ್ನೋ ಕಾಲಂ ಖಾಲಿ ಬಿಟ್ಟಿದ್ದಾರೆ. ತುಂಬಿಬಿಡಿ. ಅಲಿಯಾಸ್ ಕತ್ತೆಯವರು.”

ಮೇಡಂ ನಿಧಾನವಾಗಿ ವಿವರಿಸಿದರು. ಮರ್ಯಾದೆಯ ಹೆಸರೆಂದು ದಫೇದಾರರೇ ಹೇಳಿಕೆ ಕೊಟ್ಟಿರುವುದರಿಂದ ಅದನ್ನು ದಾಖಲೆಯಿಂದ ಬಿಡುವುದು ತಪ್ಪಾಗುತ್ತದೆ. ಬಡ್ತಿಯ ಆದೇಶದಲ್ಲಿ ಅದು ಬರುತ್ತದೆ, ಎದೆಯ ಮೇಲಿನ ನಾಮಫಲಕದಲ್ಲಿ ಬರುತ್ತದೆ, ಆಮೇಲೆ ಪೆನ್ಷನ್ ಪುಸ್ತಕದಲ್ಲೂ ಬರುತ್ತದೆ. ಬೈಗುಳವಲ್ಲ ಎನ್ನುವುದಾದರೆ ಈ ಅರ್ಜಿಗೆ ಸಹಿ ಹಾಕಿ ನಕ್ಷತ್ರ ತೆಗೆದುಕೊಳ್ಳಬಹುದು. ಬೈಗುಳವೇ ಎನ್ನುವುದಾದರೆ ಆ ಇನ್ನೊಂದು ಕಾಗದ, ದೂರು, ಅದು ನಿಜವೆಂದು ಒಪ್ಪಿ ಸಹಿ ಹಾಕಬೇಕು.

ಅಲಿಯಾಸ್ ಎಂಬ ಪದದ ಶಕ್ತಿ ಆ ಹಜಾರದಲ್ಲಿ ದಫೇದಾರರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಬಕೆಟ್ ಒಬ್ಬನನ್ನು ಬಿಟ್ಟರೆ. ಅವನು ಖಾಲಿ ಲೋಟಗಳನ್ನು ಬೇಕೆಂದೇ ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದ.

“ಸಣ್ಣ ಅಕ್ಷರದಲ್ಲಿ ಹಾಕ್ಬಹುದಾ ಮೇಡಂ?” ಎಂದು ಕೇಳಿದರು ದಫೇದಾರರು.

“ಎಲ್ಲಾ ಒಂದೇ ಅಳತೆ.”

ಮನೆಗೊಂದು ಫೋನ್ ಮಾಡಲು ಎರಡು ನಿಮಿಷ ಬೇಡಿದರು. ಮೇಡಂ ಕೊಟ್ಟರು. ಅವರು ಕಿಟಕಿಯ ಬಳಿ ಹೋಗಿ, ಕೈ ಅಡ್ಡ ಹಿಡಿದು, ಪಿಸುದನಿಯಲ್ಲಿ ವಿಷಯ ತಿಳಿಸಿದರು. ದಫೇದಾರರ ಹೆಂಡತಿಗೆ ಪಿಸುಗುಡುವ ಅಭ್ಯಾಸವಿರಲಿಲ್ಲ.

“ನಾನು ಕರೆಯೋದು ಬೇರೆ,” ಎಂದದ್ದು ಹಜಾರಕ್ಕೆಲ್ಲ ಕೇಳಿತು. “ನನ್ನ ತಂಗಿ ಗಂಡ ಓದೋದು ಬೇರೆ. ಬೈಗುಳ ಅಂತ ಬರ್ಕೊಟ್ಟು ಮನೆಗೆ ಬನ್ನಿ.”

ದಫೇದಾರರು ಕಿಟಕಿಯಿಂದ ಹೊರಗೆ ನೋಡಿದರು. ಎದುರಿನ ಅಂಗಡಿಯ ಹ್ಯಾಂಗರಿನಲ್ಲಿ ಅವರ ಅಂಗಿ ಗಾಳಿಗೆ ಅತ್ತಿತ್ತ ತಿರುಗುತ್ತಿತ್ತು. ನಕ್ಷತ್ರ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಮರಳಿ ಬಂದು ಮೇಜಿನ ಮುಂದೆ ನಿಂತಾಗ ಅವರು ಮೇಡಂ ಕಡೆ ನೋಡಲಿಲ್ಲ, ಮಾಸ್ಟರರ ಕಡೆ ನೋಡಿದರು.

“ಬೈಗುಳಾನೇ ಮಾಸ್ಟರ್ರೇ,” ಎಂದರು. “ಬೈಬೇಕು ಅಂತಾನೇ ಬೈದದ್ದು.”

ದೂರಿಗೆ ಸಹಿ ಹಾಕಿದರು. ಆಮೇಲೆ ಯಾರೂ ಹೇಳದೆಯೇ ಅದೇ ಪೆನ್ನು ಹಿಡಿದು ಗೋಡೆಯ ಬಳಿ ಹೋಗಿ, ಪಟ್ಟಿಯ ಕೊನೆಗೆ ನಲವತ್ತನಾಲ್ಕು ಎಂದು ಅಂಕಿ ಹಾಕಿ, ‘ಕತ್ತೆ, ಅವರು ಸೇರಿದರೂ ಸೇರದಿದ್ದರೂ’ ಎಂದು ಬರೆದರು. ಅಕಾರಾದಿ ಕೆಟ್ಟಿತೆಂದು ರೈಟರಮ್ಮ ಗೊಣಗಿದರು.

ದಫೇದಾರರಿಗೆ ನಕ್ಷತ್ರವನ್ನಾದರೂ ಉಳಿಸಿಕೊಡಲಾಗದೇ ಎಂದು ಮಾಸ್ಟರರು ಮೇಡಂ ಅವರನ್ನು ಕೇಳಿನೋಡಿದರು. ನಿಯಮ ಯಾರಿಗೂ ಕೈಮುಗಿಯುವುದಿಲ್ಲ ಎಂದು ಮೇಡಂ ಹೇಳಿದರು. ಹೆಸರು ವಾಪಸು ಕೊಡಿಸುವ ಏರ್ಪಾಡು ಮಾತ್ರ ಮಾಡಿದರು: ದಫೇದಾರರು ಮೂರು ತಿಂಗಳ ಕಾಲ ದಿನಾ ಬೆಳಿಗ್ಗೆ ಡ್ಯೂಟಿಗೆ ಬರುವಾಗ ಅಂಗಡಿಯ ಮುಂದೆ ನಿಂತು, ಚಹಾ ಕುಡಿಯುವವರಿಗೆ ಕೇಳುವಷ್ಟು ಗಟ್ಟಿಯಾಗಿ, ‘ನಮಸ್ಕಾರ ಟೈಲರ್ ಮಾಸ್ಟರ್ರೇ’ ಅನ್ನಬೇಕು. ದಫೇದಾರರು ಇಟ್ಟ ಹೆಸರು ಅಂಟುತ್ತದೆಂದು ಹೇಳಿದೆನಲ್ಲ, ಇದೂ ಅಂಟಿತು.

ಮಾಸ್ಟರರು ಅಂಗಿಯ ನಕ್ಷತ್ರವನ್ನು ಬಿಚ್ಚಿ, ಸೂಜಿಯ ತೂತು ಕಾಣದಂತೆ ಇಸ್ತ್ರಿ ಮಾಡಿ ಮನೆಗೆ ಕಳಿಸಿಕೊಟ್ಟರು. ಚಹಾದಂಗಡಿಯವನು ಇನ್ನೂ ಬಕೆಟ್. ದಫೇದಾರರು ಎರಡು ವರ್ಷದ ಮೇಲೆ ದಫೇದಾರರಾಗಿಯೇ ನಿವೃತ್ತರಾದರು.